ಕೇಳದೆ ತಂದ ನೀಲಿ ಬಟ್ಟೆ

ಕತ್ತರಿ ಹಿಡಿದು ಹಿಡಿದು ಅವರ ಬಲ ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಂಟು ಕಟ್ಟಿತ್ತು. ಶಿರಹಟ್ಟಿಯ ನಮ್ಮ ಓಣಿಗೆಲ್ಲ ಅವರು ಟೇಲರ್ ಕಾಕಾ. ಗಂಡ ತೀರಿಕೊಂಡ ವರ್ಷ ನಾನು ಹೊಲಿಗೆ ಕಲಿತದ್ದು ಅವರ ಅಂಗಡಿಯಲ್ಲಿ. ಆಮೇಲೆ ಅಲ್ಲೇ ಎರಡನೆಯ ಮಷೀನಿಗೆ ಕುಳಿತೆ.

ಯುಗಾದಿ ಮುಗಿಯುತ್ತಲೇ ಗದಗಿಗೆ ಹೋಗಿ, ಊರಿನ ಶಾಲೆಯ ಯೂನಿಫಾರ್ಮಿಗೆಂದು ಆಕಾಶನೀಲಿ ಬಟ್ಟೆಯ ಥಾನುಗಳನ್ನು ತರುವುದು ಅವರ ರೂಢಿ. ಶಾಲೆಯವರು ಹೇಳುತ್ತಲೂ ಇರಲಿಲ್ಲ, ಇವರು ಕೇಳುತ್ತಲೂ ಇರಲಿಲ್ಲ. ಆ ವರ್ಷ ಬಣ್ಣ ಬದಲಾಗುತ್ತದಂತೆ ಎಂಬ ಸುದ್ದಿ ನನ್ನ ಕಿವಿಗೆ ಬಿತ್ತು.

“ಕಾಕಾ, ಶಾಲ್ಯಾಗ ಒಂದ ಮಾತ ಕೇಳಿ ತರ್ರಿ,” ಎಂದೆ.

“ಇಪ್ಪತ್ತ ವರ್ಷ ಆತ ಯವ್ವಾ, ಏನ ಕೇಳೂದೈತಿ?” ಎಂದು ನಕ್ಕು ಬಸ್ಸು ಹತ್ತಿದರು.

ಶಾಲೆ ಅಂಗಡಿಯಿಂದ ನಾಲ್ಕು ಹೆಜ್ಜೆ. ನಾನೇ ಹೋಗಿ ಕೇಳಬಹುದಿತ್ತು, ಹೋಗಲಿಲ್ಲ.

ಮೇ ತಿಂಗಳಲ್ಲಿ ಶಾಲೆಯ ಗೋಡೆಗೆ ನೋಟಿಸು ಹಚ್ಚಿದರು: ಇನ್ನು ಮೇಲೆ ಹಸಿರು. ನೀಲಿ ಥಾನುಗಳು ಕಪಾಟು ತುಂಬಿ ನೆಲದ ಮೇಲೂ ಒಟ್ಟಿದ್ದವು. ಕಾಕಾ ಎಂದಿನಂತೆ ಬಾಗಿಲು ತೆರೆದು, ಮಷೀನಿಗೆ ಎಣ್ಣೆ ಬಿಟ್ಟು, ಸಂಜೆಯವರೆಗೆ ಸುಮ್ಮನೆ ಕೂರುತ್ತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ. ಈ ಅಂಗಡಿ ಮುಚ್ಚಿದರೆ ನಾನು ಎಲ್ಲಿಗೆ ಹೋಗಲಿ?

ಐದನೆಯ ದಿನ ಎದ್ದು, “ನಡಿ, ಕೇಳಾಕ ಹೋಗೂಣು,” ಎಂದರು. ಎರಡು ಊರಿನ ಶಾಲೆಗಳಲ್ಲಿ ಬೇಡವೆಂದರು. ಮುಳಗುಂದದಲ್ಲಿ ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗೆ ನಿಂತಾಗ ಅವರು ತಂದಿದ್ದ ನೀಲಿ ಬಟ್ಟೆಯ ತುಂಡನ್ನು ಬಿಚ್ಚಿ ಮತ್ತೆ ಮಡಿಸಿದರು. ಅರವತ್ತು ದಾಟಿದ ಮನುಷ್ಯ. ಕೆಲಸ ಕೇಳಲು ಆ ಬೇಸಿಗೆಯವರೆಗೆ ಯಾರ ಹೊಸ್ತಿಲನ್ನೂ ತುಳಿದವರಲ್ಲ.

“ಅಕ್ಕೋರ, ನಿಮ್ಮ ಶಾಲಿ ಮಕ್ಕಳದು ಇನ್ನೂ ನೀಲಿನ ಐತೇನ್ರಿ?”

“ಹೌದ್ರಿ. ಒಳಗ ಬರ್ರಿ, ಬಟ್ಟಿ ತೋರಸ್ರಿ,” ಎಂದರು ಆಕೆ.

ಅರ್ಧ ಬಟ್ಟೆಗೆ ದಾರಿಯಾಯಿತು. ಮರಳುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: “ನೀ ಹೇಳಿದ್ದಿ, ನಾ ಕೇಳಲಿಲ್ಲ. ಕೇಳಿದ್ರ ಎಲ್ಲಿ ಬ್ಯಾಡ ಅಂತಾರೋ ಅಂತ ಅಂಜಿಕಿ ಇತ್ತ ಯವ್ವಾ. ಇಪ್ಪತ್ತ ವರ್ಷನೂ ಇತ್ತು.”

ಮುಳಗುಂದದ ಕೆಲಸ ಅರ್ಧಕ್ಕೆ ಬಂದಾಗ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಗದಗಿನ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಉಳಿದದ್ದನ್ನು ನಾನೇ ಹೊಲಿದು ಮುಟ್ಟಿಸಿದೆ.

ಈಗ ಅಂಗಡಿ ನಡೆಸುವವಳು ನಾನು. ಬೇಸಿಗೆ ಬಂತೆಂದರೆ ಊರೂರಿನ ಶಾಲೆಗಳ ಮೆಟ್ಟಿಲು ಹತ್ತುತ್ತೇನೆ, ಎಲ್ಲಿ ಬೇಡ ಅಂತಾರೋ ಎಂಬ ಅಂಜಿಕೆ ಪ್ರತಿಸಲವೂ ಇರುತ್ತದೆ. ಆದರೂ ಕೇಳುತ್ತೇನೆ. ಅದು ಅವರ ಋಣ. ಹೋದ ವಾರ ಲಕ್ಷ್ಮೇಶ್ವರದ ಕಡೆಯ ಒಂದು ಶಾಲೆಯಲ್ಲಿ ಬೇಡವೆಂದರು. ಹೊರಗೆ ಬಂದು, ಮುಂದಿನ ಊರಿನ ಬಸ್ಸಿಗೆ ಕಾಯುತ್ತ ನಿಂತೆ.