ಖಾಲಿ ಕಳಿಸಬಾರದ ಡಬ್ಬಿ

ಸಾರಕ್ಕಿಯ ಸೊಣ್ಣಮ್ಮನ ಮನೆಗೆ ಬಂದ ಡಬ್ಬಿ ಎಂದೂ ಖಾಲಿ ಹಿಂತಿರುಗಿದ್ದಿಲ್ಲ. ಎದುರುಮನೆಯ ಸೀತಮ್ಮ ಪುಳಿಯೋಗರೆ ಕೊಟ್ಟರೆ, ತೊಳೆದ ಡಬ್ಬಿಯಲ್ಲಿ ನಾಲ್ಕು ನಿಂಬೆಹಣ್ಣೋ ಬೆಲ್ಲದ ಚೂರೋ ವಾಪಸ್ಸು ಹೋಗುತ್ತಿತ್ತು. ತಮ್ಮ ರಾಗಿ ಹೊಲದ ಜಾಗದಲ್ಲಿ ಸೊಣ್ಣಮ್ಮನವರದೇ ಬಾಡಿಗೆ ಮನೆಗಳು ಎದ್ದ ಮೇಲೂ ಈ ಕ್ರಮ ತಪ್ಪಿರಲಿಲ್ಲ.

ಶ್ರಾವಣದಲ್ಲಿ ಗಂಡ ಚಿಕ್ಕಬೈರಪ್ಪ ತೀರಿಕೊಂಡರು. ಸಾವಾದ ಮನೆಯ ಪದಾರ್ಥ ವರ್ಷದ ತನಕ ಇನ್ನೊಬ್ಬರ ಪಾತ್ರೆಗೆ ಬೀಳಬಾರದೆಂದು ಅತ್ತೆ ಹಿಂದೆಯೇ ಹೇಳಿದ್ದರು. ಡಬ್ಬಿ ತುಂಬಿಸುವಂತಿಲ್ಲ, ಖಾಲಿ ಕಳಿಸುವುದಕ್ಕೆ ಕೈ ಬರಲಿಲ್ಲ. ಹಬ್ಬವಿಲ್ಲದ ಮನೆಯೆಂದು ಗೌರಿಗೂ ದಸರೆಗೂ ದೀಪಾವಳಿಗೂ ಸೀತಮ್ಮ ತಂದುಕೊಟ್ಟ ಸ್ಟೀಲ್ ಡಬ್ಬಿಗಳು ಅಡುಗೆಮನೆಯಲ್ಲೇ ಉಳಿದವು. ಆಮೇಲೆ ಸೀತಮ್ಮ ಬರಲಿಲ್ಲ. ಗೇಟಿನ ಬಳಿ ಕಂಡರೂ ಮುಖ ತಿರುಗಿಸಿದರು. ಮೂವತ್ತು ವರ್ಷದ ಒಡನಾಟ ಕೈ ತಪ್ಪುತ್ತಿದೆಯೆಂದು ಸೊಣ್ಣಮ್ಮನಿಗೆ ತಿಳಿಯಿತು. ಅಳು ಬರಲಿಲ್ಲ. ದೇವರ ಮುಂದೆ ದೀಪ ಹಚ್ಚಿ ಕೂತಳು.

ಮಹಡಿಯಲ್ಲಿ ಬಾಡಿಗೆಗಿದ್ದ ಮೈತ್ರಿ ಮನಶ್ಶಾಸ್ತ್ರ ಓದುವ ಹುಡುಗಿ. ಒಂದು ಮಧ್ಯಾಹ್ನ ಪ್ರಶ್ನೆಗಳ ಹಾಳೆ ಹಿಡಿದು ಬಂದಳು.

"ಆಂಟಿ, 'ನಾನು' ಅಂತ ಶುರು ಮಾಡಿ ನಿಮ್ಮ ಬಗ್ಗೆ ಹತ್ತು ವಾಕ್ಯ ಹೇಳಿ."

"ನಾನು ಚಿಕ್ಕಬೈರಪ್ಪೋರ ಹೆಂಡ್ತಿ. ನಾನು ದಿನೇಶನ ತಾಯಿ. ನಾನು ಸೀತಮ್ಮೋರ ಎದುರುಮನೆಯೋಳು." ಅಲ್ಲಿಗೆ ನಿಂತಿತು.

"ಎಲ್ಲಾ ಬೇರೆಯೋರ ವಿಷಯಾನೇ ಆಯ್ತಲ್ಲ ಆಂಟಿ!"

"ಅವರನ್ನೆಲ್ಲ ಬಿಟ್ರೆ ಇನ್ನೇನಮ್ಮ ನಾನು? ಮುಂದಿಂದು ಕೇಳು."

"ಯಾರಾದ್ರೂ ಏನಾದ್ರೂ ಕೊಟ್ರೆ ಎಷ್ಟು ದಿನದಲ್ಲಿ ತಿರುಗಿ ಕೊಡ್ತೀರಾ?"

ಸೊಣ್ಣಮ್ಮ ಡಬ್ಬಿಗಳನ್ನು ತೋರಿಸಿ, ಅತ್ತೆಯ ಮಾತು ಹೇಳಿದಳು. ಮೈತ್ರಿ ಬರೆಯುವುದನ್ನು ನಿಲ್ಲಿಸಿದಳು.

"ಇದು ಸೀತಮ್ಮ ಆಂಟಿಗೆ ಗೊತ್ತಾ?"

"ಅವರು ಕೇಳ್ಲಿಲ್ಲ. ನಾನಾಗೇ ಹೆಂಗೆ ಹೇಳ್ಲಿ?"

"ಮತ್ತೆ ಅವರೇನು ಅಂದ್ಕೋಬೇಕು ಆಂಟಿ?"

ಸಂಜೆ ಸೊಣ್ಣಮ್ಮ ಡಬ್ಬಿಗಳನ್ನು ಹಿಡಿದು ರಸ್ತೆ ದಾಟಿದಳು. ಸೀತಮ್ಮ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಖಾಲಿ ಐತೆ ಸೀತಮ್ಮೋರೆ. ಸಾವಿನ ಮನೇದು ನಿಮ್ಮ ಪಾತ್ರೆಗೆ ಹಾಕ್ಬಾರ್ದು ಅಂತ..."

ಸೀತಮ್ಮ ಕೈಲಿದ್ದ ಕಾಯನ್ನು ಮೊರಕ್ಕೆ ಹಾಕಿದರು. "ಅಯ್ಯೋ ನಿನ್ನ! ಬಿಲ್ಡಿಂಗ್ ಓನರಮ್ಮಂಗೆ ನಮ್ಮನೆ ಅಡುಗೆ ಸೇರಲಿಲ್ಲ ಅಂದ್ಕೊಂಡಿದ್ನಲ್ಲೇ! ಬಾ ಒಳಗೆ."

"ವರ್ಷ ಆಗ್ಲಿ. ಅಲ್ಲೀತನಕ ಯಾರ ಮನೆಯೊಳಗೂ ಕಾಲಿಡಂಗಿಲ್ಲ."

"ಹಂಗಾದ್ರೆ ಇಲ್ಲೇ ಕೂತ್ಕೊ. ಏನಾದ್ರೂ ಮಾತಾಡು."

"ಮಾತು ಬರ್ತಿಲ್ಲ."

"ಬೇಡ ಬಿಡು. ಕೈಗೇನೂ ಸೂತಕ ಇಲ್ವಲ್ಲ?" ಸೀತಮ್ಮ ಮೊರವನ್ನು ಇಬ್ಬರ ನಡುವೆ ಎಳೆದರು.

ಸೊಣ್ಣಮ್ಮ ಒಂದು ಕಾಯಿ ತೆಗೆದುಕೊಂಡು ಸುಲಿದಳು. ಆಮೇಲೆ ಇನ್ನೊಂದು.