ಸಮುದ್ರಕ್ಕೆ ಉಡಿ ತುಂಬಿದ್ದು

ಚಂಡಮಾರುತ ಕೊಂಕಣದ ಕರಾವಳಿಗೆ ಬರುವುದಕ್ಕೆ ಎರಡು ದಿನ ಮೊದಲೇ ಪುಣೆಯ ಕೋಥರೂಡಿನ ನಮ್ಮ ಫ್ಲ್ಯಾಟಿಗೆ ಬಂದು ಕೂತಿತ್ತು. ನಮಗೂ ಸಮುದ್ರಕ್ಕೂ ನಡುವೆ ಇಡೀ ಸಹ್ಯಾದ್ರಿ ಇದೆ. ಆದರೆ ನನ್ನ ತಂಗಿ ಆ ಕರಾವಳಿಯ ಒಂದು ಪುಟ್ಟ ದ್ವೀಪದಲ್ಲಿ ನರ್ಸು, ಅವಳ ಗಂಡ ಅಲ್ಲಿಯ ಶಾಲೆಯ ಮಾಸ್ತರ. ಟಿವಿಯಲ್ಲಿ ಬಿಳಿ ಸುಳಿಯೊಂದು ಗಿರಗಿರ ತಿರುಗುತ್ತ ನೇರ ಅವರ ಕಡೆ ಹೊರಟಿದ್ದನ್ನು ನೋಡಿ ಅಪ್ಪ, ಅವ್ವ ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ತಲೆ ಕೆಡಿಸಿಕೊಂಡರು.

ಅಪ್ಪನ ರೀತಿಯೆಂದರೆ ಕಟ್ಟುವುದು. ನಿವೃತ್ತ ಗುಮಾಸ್ತ, ಜೀವನವಿಡೀ ಫೈಲುಗಳಿಗೆ ದಾರ ಕಟ್ಟಿದ ಕೈ. ಟೆರೇಸಿನ ನೀರಿನ ಟಾಕಿಯ ಮುಚ್ಚಳವನ್ನು ಅವ್ವನ ಹಳೆಯ ಇಳಕಲ್ ಸೀರೆಯಿಂದ ಕಟ್ಟಿದರು. ತುಳಸಿ ಕುಂಡವನ್ನು ಬಾಲ್ಕನಿಯ ಗ್ರಿಲ್ಲಿಗೆ ಕಟ್ಟಿದರು. ಕೆಳಗಿಳಿದು ಸೊಸೈಟಿ ಚೇರ್ಮನ್ನರ ಸೈಕಲ್ಲನ್ನು, ಅವರನ್ನೊಂದು ಮಾತು ಕೇಳದೆ, ನುಗ್ಗೆ ಮರಕ್ಕೆ ಬಿಗಿದರು.

"ಅಪ್ಪಾ, ಮೊದಲ ಬೀಳೋದು ನುಗ್ಗಿ ಗಿಡಾನ ಅಲ್ಲೇನ್ರಿ?" ಎಂದೆ.

"ಹಂಗಂತ ಸುಮ್ಮ ಕೂಡ್ಲಿಕ್ಕೆ ಬರ್ತದೇನು?" ಎಂದರು. ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ಅವ್ವ ತಂಗಿಗೆ ಫೋನು ಹಚ್ಚಿ, ಇವತ್ತೇ ಹೊರಟು ಬಾ ಎಂದಳು.

"ದೋಣಿ ಬಂದ್ ಮಾಡ್ಯಾರವ್ವ. ಚಾಲೂ ಇದ್ರೂ ನಾ ಬರ್ತಿದ್ದಿಲ್ಲ. ಇಬ್ಬರು ಬಸುರಿಯರು ದಿನ ತುಂಬಿಕೊಂಡು ನನ್ನ ಮುಂದ ಮಲಗ್ಯಾರ" ಎಂದಳು ತಂಗಿ.

ಫೋನು ಇಟ್ಟ ಅವ್ವ ದೇವರ ಜಗಲಿಯ ಕಡೆ ನೋಡುತ್ತ ಕೂತಳು. ಅಲ್ಲೊಂದು ಚೀಲದಲ್ಲಿ ತಂಗಿಯ ಉಡಿ ಹಾಗೇ ಇತ್ತು. ಲಗ್ನವಾದ ಮಗಳು ತವರಿನಿಂದ ಹೊರಟಾಗ ಅವಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು, ಕುಬಸದ ಖಣ ಹಾಕಿ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ರೀತಿ. ಅವಳು ಅದರಲ್ಲಿ ನಾಲ್ಕು ಕಾಳು ತಿರುಗಿ ತವರಿಗೆ ಕೊಟ್ಟು ಹೋಗುತ್ತಾಳೆ. ಕಳೆದ ಸಲ ತಂಗಿ ಜೀನ್ಸ್ ತೊಟ್ಟು ಹೊರಟಿದ್ದಳು. "ಸೆರಗ ಇಲ್ಲ, ಎಲ್ಲೆ ತುಂಬಲಿ? ಸೀರಿ ಉಟಗೊಂಡು ಬಾ" ಎಂದು ಅವ್ವ ಹಟ ಹಿಡಿದಳು. "ಬಸ್ ತಪ್ಪತದವ್ವ, ಮುಂದಿನ ಸಲ" ಎಂದು ತಂಗಿ ಮೆಟ್ಟಿಲಿಳಿದೇ ಬಿಟ್ಟಳು. ನಾನು ಆಗ ನಕ್ಕಿದ್ದೆ. ಈಗ ಅವ್ವನ ಮುಖ ನೋಡಲಿಕ್ಕೆ ಆಗಲಿಲ್ಲ.

"ನಾನ ಬರಿಗೈಲೆ ಕಳಿಸಿದೆ" ಎಂದಳು. ಆಮೇಲೆ ಥಟ್ಟನೆ ಎದ್ದಳು. "ಸ್ಕೂಟರ್ ತಗಿ. ಈ ಉಡಿ ಸಮುದ್ರಕ್ಕ ಕೊಡೋಣು. ಅದೂ ಹೆಣ್ಣ ಹೆಂಗಸ ಅದ, ಸಿಟ್ಟು ಇಳಿಸ್ತದ."

"ಸಮುದ್ರ ಇಲ್ಲೆಲ್ಲಿ ಅದ ಅವ್ವ?"

"ಹೊಳಿ ಅದ ಅಲ್ಲ? ಹೊಳಿ ಎಲ್ಲಿಗೆ ಹೋಗ್ತದ? ಸಮುದ್ರಕ್ಕ."

ತರ್ಕದಲ್ಲಿ ತಪ್ಪು ಕಾಣಲಿಲ್ಲ. ಜಿಟಿಜಿಟಿ ಮಳೆಯಲ್ಲಿ ಮುಠಾ ನದಿಯ ದಂಡೆಗೆ ಹೋದೆವು. ಅಲ್ಲೊಬ್ಬ ಕಾವಲುಗಾರ ಕೊಡೆ ಹಿಡಿದು ಅಡ್ಡ ಬಂದ. ಪೂಜೆಯ ಹಳೆಯ ಹೂವು ಹಾಕಲು ಇಟ್ಟ ದೊಡ್ಡ ಡಬ್ಬಿ ತೋರಿಸಿ, "ಆಜೀ, ನಿರ್ಮಾಲ್ಯ ತಿಕಡೆ ಟಾಕಾ" ಎಂದ, ಅದರಲ್ಲಿ ಹಾಕಿ ಎಂದು.

"ಹೆ ನಿರ್ಮಾಲ್ಯ ನಾಹೀ! ಮಾಝ್ಯಾ ಮುಲೀಚೀ ಓಟೀ ಆಹೆ!" ಎಂದು ಅವ್ವ ಗುಡುಗಿದಳು. ಇದು ನನ್ನ ಮಗಳ ಉಡಿ ಎಂದು. ಮಗಳು ಎಲ್ಲಿದ್ದಾಳೆ, ಅತ್ತ ಏನು ಬರುತ್ತಿದೆ ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದಳು. ಆತ ಪೂರ್ತಿ ಕೇಳಿ, ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು, ತಾನು ನೋಡಲೇ ಇಲ್ಲ ಎಂಬಂತೆ ಆ ಕಡೆ ತಿರುಗಿ ನಿಂತ.

ಅಕ್ಕಿ ಹೋಯಿತು, ಖಣ ಹೋಯಿತು. ತೆಂಗಿನಕಾಯಿ ಮಾತ್ರ ಅಂತರಗಂಗೆಯ ಎಲೆಗಳಲ್ಲಿ ಸಿಕ್ಕಿಕೊಂಡು ಕೂತಿತು. "ನಡಿ, ಹೊತ್ತಾಗ್ತದ!" ಎಂದು ಅವ್ವ ಅದಕ್ಕೆ ಬೈದಳು. ನಾನು ಕಲ್ಲು ಒಗೆದೆ. ಕೊನೆಗೆ ನೋಡದೇ ನಿಂತಿದ್ದ ಕಾವಲುಗಾರನೇ ಬಂದು ಕೊಡೆಯ ಹಿಡಿಕೆಯಿಂದ ದೂಡಿಕೊಟ್ಟ.

ಮನೆಗೆ ಬಂದು ಅವ್ವ ಸಮಾಧಾನದಿಂದ ಚಹಾ ಕುಡಿಯುತ್ತಿದ್ದಾಗ ಅಪ್ಪ ಹಳೆಯ ಅಟ್ಲಾಸ್ ತೆಗೆದರು. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಅವರ ಜಾತಕದಲ್ಲೇ ಇಲ್ಲ.

"ಮುಠಾ ಹೋಗಿ ಭೀಮಾಕ್ಕ ಕೂಡ್ತದ. ಭೀಮಾ ಇಂದಾಪುರದ ಮ್ಯಾಲಿಂದ ನಿನ್ನ ತವರಿನ ಊರಿಗೆ ಹೋಗ್ತದ. ಆಮ್ಯಾಲ ಕೃಷ್ಣಾ. ಆಮ್ಯಾಲ ಪೂರ್ವದ ಸಮುದ್ರ" ಎಂದು ಬೆರಳು ಎಳೆದರು. "ಗಾಳಿ ಎದ್ದದ್ದು ಪಶ್ಚಿಮದಾಗ. ನೀ ಬ್ಯಾರೆ ಸಮುದ್ರಕ್ಕ ಉಡಿ ಕಳಿಸಿದಿ."

ಅವ್ವ ಬಟ್ಟಲು ಕೆಳಗಿಟ್ಟಳು. "ಇಷ್ಟು ವರ್ಷ ಇದೇ ಊರಾಗ ಬಾಳ್ವಿ ಮಾಡೀವಿ. ಈ ಹೊಳಿ ಉಲ್ಟಾ ಹರೀತದ ಅಂತ ಇವತ್ತ ಹೇಳ್ತೀರೇನ್ರಿ?" ಎಂದಳು. ಮೊದಲು ಸಿಟ್ಟು, ಹಿಂದೆಯೇ ಅಳು. ಮಗಳ ಪಾಲಿನದ್ದು ಇದ್ದದ್ದೂ ಹೋಯಿತು, ಹೋಗಬೇಕಾದಲ್ಲಿಗೂ ಹೋಗಲಿಲ್ಲ. ಅಪ್ಪನಿಗೆ ಅಟ್ಲಾಸನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

ಕಣ್ಣೊರೆಸಿಕೊಂಡು ಅವ್ವ ಮತ್ತೆ ಫೋನು ಹಚ್ಚಿದಳು. "ನೀನ ನನ್ನ ಹೆಸರಿಲೆ ಅಲ್ಲಿ ಸಮುದ್ರಕ್ಕ ಉಡಿ ತುಂಬು. ಖಣ ಇಲ್ಲಂದ್ರ ಬ್ಯಾರೆ ಅರಿವಿ ನಡೀತದ." ತಂಗಿ ನಗುತ್ತ "ಹುಚ್ಚವ್ವ..." ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು.

ಮರುದಿನ ಮಧ್ಯಾಹ್ನ ಗಾಳಿ ದಂಡೆಗೆ ಬಡಿಯಿತು. ನಮ್ಮಲ್ಲೂ ಕಿಟಕಿಗಳು ಗದಗದ ನಡುಗಿದವು, ನುಗ್ಗೆ ಮರ ಚೇರ್ಮನ್ನರ ಸೈಕಲ್ಲಿನ ಸಮೇತ ಮಲಗಿತು. ಅಪ್ಪನ ಒಂದು ಗಂಟೂ ಬಿಚ್ಚಿರಲಿಲ್ಲ. ಚೇರ್ಮನ್ನರು ಮೇಲೆ ಬಂದು ಮರಾಠಿಯಲ್ಲಿ ಹೇಳಿದ್ದನ್ನೆಲ್ಲ ನಾವು ತಲೆ ತಗ್ಗಿಸಿ ಕೇಳಿದೆವು. ಯಾರಿಗೂ ನಗು ಬರಲಿಲ್ಲ. ತಂಗಿಯ ಫೋನು ಹತ್ತುತ್ತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅದರ ಮರುದಿನ ಸಂಜೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ಅವಳ ದನಿ ಬಂತು. ಗಂಡ ಹೆಂಡತಿ ಇಬ್ಬರೂ ಆರಾಮ. ಶಾಲೆಯ ತಗಡು ಹಾರಿಹೋಗಿದೆ, ತೆಂಗಿನ ಮರಗಳು ಉರುಳಿವೆ. ಗಾಳಿಯ ನಡುವೆಯೇ ಎರಡೂ ಹೆರಿಗೆ ಆದವು, ಎರಡೂ ಹೆಣ್ಣು. ಅವ್ವ ಎಲ್ಲ ಕೇಳಿಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಉಡಿ ಕೊಟ್ಟಿಯೇನ?" ಎಂದಳು.

"ಕೊಡ್ಲಿಕ್ಕೆ ಹೋಗಿದ್ದೆ. ಗಾಳಿ ಬರೋ ಮುಂಜಾನೆ, ಬ್ಯಾಂಡೇಜ್ ಅರಿವ್ಯಾಗ ಅಕ್ಕಿ ಕಟಗೊಂಡು. ಬಿಚ್ಚಿ ಒಗದ್ರ ಗಾಳಿ ಎಲ್ಲಾ ತಿರುಗಿ ನನ್ನ ಮ್ಯಾಲ ಒಗೀತವ್ವ! ಇವತ್ತಿಗೂ ರೇನ್‌ಕೋಟಿನ ಕಿಸೆದಾಗ ಅಕ್ಕಿ ಅವ. ನಿನ್ನ ಸಮುದ್ರ ಒಲ್ಲೆ ಅಂತು."

ಅಪ್ಪ ಮೆಲ್ಲಗೆ, "ಗಾಳಿ ಪಶ್ಚಿಮದಿಂದ ಬೀಸ್ತಿತ್ತು, ಅದಕ್ಕ..." ಎಂದು ಶುರು ಮಾಡಿದರು. ಅವ್ವ ಒಮ್ಮೆ ನೋಡಿದಳು, ಅವರು ಸುಮ್ಮನಾದರು.

"ಅದು ನಿಂದ ಉಡಿ" ಎಂದಳು ಅವ್ವ ಫೋನಿಗೆ. "ಸೀರಿ ಬ್ಯಾಡ, ಏನೂ ಬ್ಯಾಡ. ಕಿಸೆದಾಗ ಇರಲಿ. ಅದರಾಗಿನ ನಾಕ ಕಾಳು ನನಗ ತಿರುಗಿ ತಂದು ಕೊಡು."