ಬಾನೆಟ್ಟಿನ ಮೇಲಿನ ಟವಲು

ಅಪಘಾತದಲ್ಲಿ ನುಜ್ಜುಗುಜ್ಜಾದ ಕಾರನ್ನು ವಿಮಾ ಕಂಪನಿಯವರು ‘ಟೋಟಲ್ ಲಾಸ್’ ಎಂದು ಬರೆದು ಕೈತೊಳೆದುಕೊಂಡ ಮೇಲೆ ಅದರಲ್ಲಿ ಲಾಭ ಹುಡುಕುವುದು ಹಲಸೂರಿನ ಅಂಜನಮೂರ್ತಿಯ ಕಸುಬು. ಹರಾಜಿನಲ್ಲಿ ಹಿಡಿದು, ಬಿಚ್ಚಿ, ಬಾಗಿಲು ಒಬ್ಬರಿಗೆ, ಗೇರ್‌ಬಾಕ್ಸ್ ಇನ್ನೊಬ್ಬರಿಗೆ ಮಾರಿ ಮಾರಿ ಅರವತ್ತರ ಹತ್ತಿರ ಬಂದಿದ್ದ. ಊರಿನ ಅರ್ಧ ಕಾರುಗಳಿಗೆ ಅಂಗಾಂಗ ದಾನ ಮಾಡಿದ ಈ ಮಹಾನುಭಾವನ ಸ್ವಂತ ವಾಹನವೆಂದರೆ ಒಂದು ಲೂನಾ. ಅದರ ಹಿಂದೆ ಕೂತೂ ಕೂತೂ ಹೆಂಡತಿ ಯಶೋದಮ್ಮನ ಸೊಂಟವೂ ಟೋಟಲ್ ಲಾಸಿನ ಅಂಚಿಗೆ ಬಂದಿತ್ತು. ಒಂದೇ ಒಂದು ಕಾರನ್ನು ಬಿಚ್ಚದೆ ರಿಪೇರಿ ಮಾಡಿ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಬಿಟ್ಟರೆ ಸ್ಪ್ಯಾನರ್ ಕೆಳಗಿಡಬಹುದು ಎಂದು ಅವನು ಬಹಳ ದಿನದಿಂದ ಅಂದುಕೊಂಡಿದ್ದ.

ಕೆ.ಆರ್. ಪುರದಾಚೆಯ ಯಾರ್ಡಿನಲ್ಲಿ ಹರಾಜಿಗೆ ತನ್ನದೇ ಕಾನೂನಿತ್ತು. ಮುಂಚೆಯೇ ಹೋಗಿ ನೋಡಿದವನು ತನಗೆ ಬೇಕಾದ ಗಾಡಿಯ ಬಾನೆಟ್ಟಿನ ಮೇಲೆ ಹೆಗಲ ಟವಲು ಹಾಸಿ ಬರುತ್ತಿದ್ದ. ಟವಲು ಕಂಡ ಮೇಲೆ ಬೇರೆ ಯಾರೂ ಅದಕ್ಕೆ ಕೂಗುವಂತಿಲ್ಲ. ಮೀರಿ ಕೂಗಿದರೆ ದಂಡ: ಗಾಡಿ ಕೂಗಿದವನದು, ಇಂಜಿನ್ ಟವಲಿನವನದು. ಈ ಕಾನೂನು ಮಾಡಿದವರು ಅಂಜನಮೂರ್ತಿ ಮತ್ತು ಶಿವಾಜಿನಗರದ ಗುಜರಿ ವ್ಯಾಪಾರಿ ಸನಾವುಲ್ಲಾ, ಇಬ್ಬರಿಗೂ ಮೀಸೆ ಕಪ್ಪಗಿದ್ದ ಕಾಲದಲ್ಲಿ.

ಎರಡು ಸಾವಿರದ ಎಂಟರ ಹೊತ್ತಿಗೆ ಹರಾಜು ಕಂಪ್ಯೂಟರಿಗೆ ಬಂತು. ಮೊದಲು ಇಲಿ ಇರುತ್ತಿದ್ದದ್ದು ಗಾಡಿಯ ಸೀಟಿನೊಳಗೆ. ಈಗ ಕೂಗುವವನ ಕೈಯೊಳಗೆ. ಆ ಇಲಿ ಮಾತು ಕೇಳದ್ದರಿಂದ ಅಂಜನಮೂರ್ತಿ ಬಜಾರ್ ಬೀದಿಯಲ್ಲಿ ಸೈಬರ್ ಸೆಂಟರ್ ನಡೆಸುವ ಹೇಮಶ್ರೀಯ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ತೆರೆಯ ಮೇಲೆ ಒಂದು ಬಿಳಿ ಮಾರುತಿ. ಲಾರಿ ಹಿಂದಿನಿಂದ ಗುದ್ದಿತ್ತು, ಮುಂಭಾಗ ನೆಟ್ಟಗಿತ್ತು. ಇದೇ ಯಶೋದಮ್ಮನ ಕಾರು ಎಂದು ಅವನಿಗೆ ಆಗಲೇ ಅನಿಸಿಬಿಟ್ಟಿತು.

“ರೂಲ್ಸ್ ಓದ್ಲಾ ಅಂಕಲ್?”

“ಓದಮ್ಮ.”

“ಗಾಡಿ ಇದ್ದಲ್ಲಿ, ಇದ್ದ ಹಾಗೇ. ಆಮೇಲೆ ತಕರಾರು ಮಾಡೋ ಹಾಗಿಲ್ಲ. ಗೆದ್ದು ಎತ್ಕೊಂಡ್ ಹೋಗ್ಲಿಲ್ಲ ಅಂದ್ರೆ ಡೆಪಾಸಿಟ್ ಹೋಯ್ತು, ನಿಮ್ ಹೆಸರೂ ಬ್ಲಾಕು. ಫೋಟೋ ನಂಬ್ಕೋಬೇಡಿ, ಮೊದ್ಲು ಖುದ್ದಾಗಿ ಹೋಗಿ ನೋಡಿ ಅಂತ ದಪ್ಪ ಅಕ್ಷರದಲ್ಲಿದೆ.”

“ಈ ಮಂಡಿ ನೋವಿಟ್ಕೊಂಡು ಕೆ.ಆರ್. ಪುರಕ್ಕಾ? ಫೋಟೋದಲ್ಲಿ ಚೆನ್ನಾಗೇ ಕಾಣ್ತಿದ್ಯಲ್ಲ. ಟಿಕ್ ಹಾಕು.”

“ನನ್ ಮದ್ವೇಲೂ ಹಿಂಗೇ ಅಂದ್ರು” ಎಂದು ಹೇಮಶ್ರೀ ಟಿಕ್ ಹಾಕಿದಳು.

ಹರಾಜಿನ ದಿನ ತೆರೆಯಲ್ಲಿ ಮನುಷ್ಯರಿರಲಿಲ್ಲ, ನಂಬರುಗಳಿದ್ದವು. ಉಳಿದವು ಒಂದೊಂದಾಗಿ ಉದುರಿದರೂ ಒಂದು ನಂಬರು ಮಾತ್ರ ಇವನು ಏರಿಸಿದಂತೆಲ್ಲ ಏರಿಸುತ್ತ ಬಂತು. “ಯಾವನೋ ಡೆಲ್ಲಿಯವನಿರ್ಬೇಕು, ಏರ್ಸಮ್ಮ” ಎಂದು ಅಂಜನಮೂರ್ತಿ ಹಲ್ಲು ಕಚ್ಚಿದ. ಮಾರುತಿ ಅವನಿಗೇ ಬಂತು, ಅಂದುಕೊಂಡದ್ದಕ್ಕಿಂತ ಬಹಳ ದುಬಾರಿಯಾಗಿ.

ಗಾಡಿ ಎಳೆದು ತರಲು ಟೆಂಪೋ ಮಾಡಿಕೊಂಡು ಯಾರ್ಡಿಗೆ ಹೋದ. ಮಾರುತಿಯ ಬಾನೆಟ್ಟಿನ ಮೇಲೆ ಹಸಿರು ಚೌಕುಳಿಯ ಟವಲು ಹಾಸಿತ್ತು. ಯಾರದೆಂದು ಕೇಳಬೇಕಾದ್ದೇ ಇರಲಿಲ್ಲ. ಆ ಟವಲಿನ ಒಡೆಯ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಬನ್ ತಿನ್ನುತ್ತಿದ್ದ.

“ಅರೆ, ನೀನಾ!” ಎಂದ ಸನಾವುಲ್ಲಾ. “ಯಾವ ಬಾಂಬೆ ಪಾಗಲ್ ತಗೊಂಡ ನೋಡೋಣ ಅಂತ ಬೆಳಗಿಂದ ಕೂತಿದೀನಿ. ಮನೇಲಿ ನಮ್ ಹುಡುಗ ಮುನೀರ್ ಕಂಪ್ಯೂಟರ್ ಒತ್ತುತಾ ಇದ್ದ. ‘ಸಾಕು ಬಿಡಿ ಅಬ್ಬಾ, ಅವನಿಗೆ ಹುಚ್ಚು ಹಿಡ್ದಿದೆ’ ಅಂದ.”

“ನಾನು ನಿನ್ನ ಡೆಲ್ಲಿಯವನು ಅಂದ್ಕೊಂಡೆ.”

ಇಬ್ಬರೂ ನಕ್ಕರು. ಆ ನಗು ಬೇಗ ಮುಗಿಯಿತು. ಇಷ್ಟು ವರ್ಷ ಒಬ್ಬರ ವಿರುದ್ಧ ಒಬ್ಬರು ಹರಾಜು ಕೂಗದಿದ್ದವರು ಕಣ್ಣಿಗೆ ಕಾಣದೆ ಹೊಡೆದಾಡಿ, ಬೆಲೆಯನ್ನು ತಾವೇ ಏರಿಸಿಕೊಂಡಿದ್ದರು.

“ಮಂಡಿ ನೋವು, ನೋಡೋಕ್ ಬರ್ಲಿಲ್ಲ” ಎಂದ ಅಂಜನಮೂರ್ತಿ.

“ಇರ್ಲಿ ಬಿಡು ಮೂರ್ತಿ. ಕಂಪ್ಯೂಟರ್ ಬಂದ್ಮೇಲೆ ಟವಲು ಯಾವ ಲೆಕ್ಕ? ತಗೊಂಡ್ಹೋಗು.” ಸನಾವುಲ್ಲಾ ಬನ್ನಿನ ಪುಡಿ ಕೊಡವಿ ಎದ್ದು, ಟವಲಿಗೆ ಕೈ ಹಾಕಿದ.

ಅಂಜನಮೂರ್ತಿ ಸುಮ್ಮನಿದ್ದಿದ್ದರೆ ಕಾರು ಇಡಿಯಾಗಿ ಹಲಸೂರಿಗೆ ಬರುತ್ತಿತ್ತು. ಯಶೋದಮ್ಮನ ಸೊಂಟ ಅವನ ಕಣ್ಣ ಮುಂದೆ ಬಂದು ಹೋಯಿತು. ಆದರೆ ಆ ಟವಲು ಹಾಗೆ ಸೋತು ಹೆಗಲಿಗೇರುವುದನ್ನು ನೋಡಲು ಅವನಿಗೆ ಆಗಲಿಲ್ಲ.

“ಏಯ್, ಟವಲು ಅಲ್ಲೇ ಇರ್ಲಿ. ಸ್ಪ್ಯಾನರ್ ತಂದಿದೀಯಾ?”

ಸನಾವುಲ್ಲಾನ ಪಾಲಿನ ಇಂಜಿನ್ ಇಳಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಹಿಂದೆಲ್ಲ ಬೈದಾಡಿಕೊಂಡು ಮಾಡುತ್ತಿದ್ದ ಕೆಲಸ. ಈಗ ಬೈಯಲೂ ಉಸಿರು ಬೇಕಲ್ಲ.

ಮನೆ ಮುಂದೆ ನಿಂತ ಕಾರಿನ ಸುತ್ತ ಯಶೋದಮ್ಮ ಒಂದು ಸುತ್ತು ಬಂದಳು. ಬಾನೆಟ್ ಎತ್ತಿ ಇಣುಕಿದಳು. ನಡೆದದ್ದನ್ನೆಲ್ಲ ಗಂಡನಿಂದ ಕೇಳಿಕೊಂಡಳು. ಒಳಗೆ ಹೋಗಿ ಅವರೇಕಾಯಿಯ ಮೊರ ತಂದು, ಮುಂದಿನ ಸೀಟಿನಲ್ಲಿ ಕೂತು ಸುಲಿಯತೊಡಗಿದಳು.

“ಸೊಂಟಕ್ಕೇನೋ ಹಿತವಾಗಿದೆ. ಆದ್ರೆ ಆ ಲೂನಾಕ್ಕೆ ಇಂಜಿನ್ ಆದ್ರೂ ಇತ್ತು ರೀ.”

“ಮುಂದಿನ ಹರಾಜಲ್ಲಿ ಒಂದು ಇಂಜಿನ್ ನೋಡೋಣ.”

“ನೋಡೋದಾದ್ರೆ ಹೋಗಿ ನೋಡಿ” ಎಂದಳು ಯಶೋದಮ್ಮ. ಕಿಟಕಿಯಿಂದ ಕೈ ಚಾಚಿ, ಹಗ್ಗದ ಮೇಲೆ ಒಣಗುತ್ತಿದ್ದ ಅವನ ಟವಲನ್ನು ಎಳೆದು ಅವನ ಹೆಗಲಿಗೆ ಎಸೆದಳು.